ಚರಿತ್ರೆಯ ಪುಟಗಳಲ್ಲಿ ಡಿಸೆಂಬರ್ 3

ಡಿಸೆಂಬರ್ 3 ಎಂದೊಡನೆ ಕರಾವಳಿಯ ಕಥೊಲಿಕರಿಗೆ ಮೊದಲು ನೆನಪಾಗುವುದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ನವೆಂಬರ್ 24ರಿಂದ ನೊವೆನಾ ಪ್ರಾರ್ಥನೆ, ಹಳೆ ಗೋವಾಕ್ಕೆ ಹೊರಡುವ ಯಾತ್ರಿಕರ ತಂಡಗಳು, ಹಬ್ಬದ ಮರುದಿನದಿಂದಲೇ ಕ್ರಿಸ್ಮಸ್ ತಯಾರಿ. ಆದರೆ ಇದೇ ತಾರೀಕಿನಂದು ಭೋಪಾಲದಲ್ಲಿ ಸಾವಿರಾರು ಜನರು ಉಸಿರುಗಟ್ಟಿ ಸತ್ತರು. ಇದೇ ತಾರೀಕಿನಂದು ಒಬ್ಬರ ಹೃದಯ ಇನ್ನೊಬ್ಬರ ಎದೆಯಲ್ಲಿ ಮಿಡಿಯಿತು. ನಮ್ಮ ದೇಶದ ಪ್ರಥಮ ರಾಷ್ಟ್ರಪತಿ ಹುಟ್ಟಿದ್ದೂ ಇದೇ ದಿನ. ಕ್ರೈಸ್ತ ಶಿಕ್ಷಣದ ಶಿಕ್ಷಕರಿಗೆ, ವಿಶ್ವಾಸಿಗಳ ಪ್ರಾರ್ಥನೆ ಬರೆಯುವವರಿಗೆ, ಧರ್ಮಕೇಂದ್ರದ ಪತ್ರಿಕೆ ಸಿದ್ಧಪಡಿಸುವವರಿಗೆ ಉಪಯೋಗವಾಗಲಿ ಎಂದು ಈ ದಿನದ ಮುಖ್ಯ ಸಂಗತಿಗಳನ್ನು ನಾವು ಇಲ್ಲಿ ಒಟ್ಟುಗೂಡಿಸಿದ್ದೇವೆ.

1552: ಸಂತ ಫ್ರಾನ್ಸಿಸ್ ಝೇವಿಯರರ ಮರಣ

1506ರ ಎಪ್ರಿಲ್ 7ರಂದು ಸ್ಪೇನ್ ದೇಶದ ನವಾರ್ ಪ್ರಾಂತ್ಯದ ಝೇವಿಯರ್ ಕೋಟೆಯಲ್ಲಿ ಜನಿಸಿದ ಫ್ರಾನ್ಸಿಸರು ಪ್ಯಾರಿಸಿನಲ್ಲಿ ಓದುತ್ತಿದ್ದಾಗ ಸಂತ ಇಗ್ನೇಷಿಯಸರ ಸ್ನೇಹಕ್ಕೆ ಬಿದ್ದರು. 1542ರ ಮೇ 6ರಂದು ಗೋವಾ ತಲುಪಿದರು. ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ತಿರುಗಿ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆಯುತ್ತಿದ್ದರೆಂಬುದು ಆ ಕಾಲದ ಬರಹಗಳಿಂದ ತಿಳಿಯುತ್ತದೆ. ತಮಿಳುನಾಡಿನ ಮುತ್ತಿನ ಕರಾವಳಿಯ ಪರವ ಮೀನುಗಾರರ ನಡುವೆ ಕೆಲಸ ಮಾಡುವಾಗ ಅವರಿಗೆ ತಮಿಳು ಬರುತ್ತಿರಲಿಲ್ಲ. ದುಭಾಷಿಗಳ ಸಹಾಯದಿಂದ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿಕೊಂಡು ಬಾಯಿಪಾಠ ಮಾಡಿ ಜನರಿಗೆ ಕಲಿಸಿದರು. ಮುಂದೆ ಮಲಕ್ಕಾ, ಮೊಲುಕ್ಕಾ ದ್ವೀಪಗಳು, 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾ. ಹತ್ತು ವರ್ಷಗಳಲ್ಲಿ ಅವರು ಹಾಯಿ ಹಡಗಿನಲ್ಲಿ ಸಂಚರಿಸಿದ ದೂರವನ್ನು ಭೂಪಟದ ಮೇಲೆ ಬೆರಳಿಟ್ಟು ಮಕ್ಕಳಿಗೆ ತೋರಿಸಿದರೆ ಒಂದು ತರಗತಿ ಅದರಲ್ಲೇ ಮುಗಿಯುತ್ತದೆ.

ಅವರ ಕೊನೆಯ ದಿನಗಳ ಬಗ್ಗೆ ನಮ್ಮ ಪ್ರವಚನಗಳಲ್ಲಿ ಕೇಳಿಬರುವುದು ಕಡಿಮೆ. ಚೀನಾ ದೇಶಕ್ಕೆ ಪೋರ್ಚುಗೀಸ್ ರಾಯಭಾರದ ಜತೆ ಹೋಗುವ ಯೋಜನೆ ಮಲಕ್ಕಾದ ಅಧಿಕಾರಿಯ ಅಡ್ಡಿಯಿಂದ ಮುರಿದುಬಿತ್ತು. ಚೀನಾ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ಇಳಿದು, ತಮ್ಮನ್ನು ಗುಟ್ಟಾಗಿ ಕ್ಯಾಂಟನ್‌ಗೆ ದಾಟಿಸಲು ಒಪ್ಪಿದ ಚೀನೀ ವ್ಯಾಪಾರಿಗಾಗಿ ಕಾದರು. ಅವನಿಗೆ ಕೊಡಬೇಕಾದ ಬಾಡಿಗೆ ಕರಿಮೆಣಸು. ಅವನು ಬರಲೇ ಇಲ್ಲ. ಪೋರ್ಚುಗೀಸರ ಹಡಗುಗಳೂ ಒಂದೊಂದಾಗಿ ಹೊರಟುಹೋದವು. ಜ್ವರದಿಂದ ಗುಡಿಸಲಲ್ಲಿ ಮಲಗಿದ್ದ ಅವರ ಬಳಿ ಕೊನೆಗೆ ಉಳಿದವನು ಆಂಟೋನಿಯೊ ಎಂಬ ಚೀನೀ ಕ್ರೈಸ್ತ ಯುವಕ. ಡಿಸೆಂಬರ್ 3ರ ಮುಂಜಾನೆ, 46ನೇ ವಯಸ್ಸಿನಲ್ಲಿ, ಹೋಗಬೇಕೆಂದಿದ್ದ ನಾಡು ಕಣ್ಣಳತೆಯಲ್ಲಿರುವಾಗಲೇ ಫ್ರಾನ್ಸಿಸರು ತೀರಿಕೊಂಡರು. ಸುಣ್ಣ ಹಾಕಿ ಹೂತಿದ್ದ ದೇಹವನ್ನು ಮರುವರ್ಷ ಮಲಕ್ಕಾಕ್ಕೂ 1554ರಲ್ಲಿ ಗೋವಾಕ್ಕೂ ತರಲಾಯಿತು. 1622ರ ಮಾರ್ಚ್ 12ರಂದು ಪೋಪ್ ಹದಿನೈದನೇ ಗ್ರೆಗರಿಯವರು ಇಗ್ನೇಷಿಯಸ್, ಆವಿಲಾದ ತೆರೇಸಾ, ಫಿಲಿಪ್ ನೇರಿ ಮತ್ತು ಇಸಿದೋರರ ಜತೆ ಇವರನ್ನೂ ಸಂತರೆಂದು ಘೋಷಿಸಿದರು. ಹತ್ತು ವರ್ಷಗಳಿಗೊಮ್ಮೆ ನಡೆಯುವ ಪಾರ್ಥಿವ ಶರೀರದ ದರ್ಶನ ಹಿಂದಿನ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಗೋವಾದಲ್ಲಿ ಇನ್‌ಕ್ವಿಸಿಷನ್ ಸ್ಥಾಪಿಸಬೇಕೆಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಬರೆದವರಲ್ಲಿ ಝೇವಿಯರರೂ ಒಬ್ಬರು. ಅದು ಅಲ್ಲಿ ಆರಂಭವಾದದ್ದು ಅವರು ಸತ್ತ ಎಂಟು ವರ್ಷಗಳ ಬಳಿಕ, 1560ರಲ್ಲಿ. ನಮ್ಮ ಪೂರ್ವಿಕರು ಗೋವಾ ಬಿಟ್ಟು ತೆಂಕಣ ಕನ್ನಡ ಜಿಲ್ಲೆಗೆ ಬಂದು ನೆಲೆಸಲು ಇದ್ದ ಕಾರಣಗಳಲ್ಲಿ ಬರಗಾಲ, ತೆರಿಗೆ, ಯುದ್ಧಗಳ ಜತೆ ಈ ನ್ಯಾಯಾಸನದ ಭಯವೂ ಸೇರಿತ್ತು. ಆ ಸಂತರನ್ನು ಅಷ್ಟೇ ಭಕ್ತಿಯಿಂದ ಸ್ಮರಿಸುವ ಮನೆಗಳ ಚರಿತ್ರೆಯಲ್ಲೇ ಈ ಪುಟವೂ ಇದೆ. ಹಿರಿಯ ಮಕ್ಕಳಿಗೆ ಇದನ್ನೂ ಹೇಳಿಕೊಡುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಬೇರೆಯವರ ಬಾಯಿಂದ ಕೇಳಿ ಗೊಂದಲಪಡುವುದಕ್ಕಿಂತ ನಮ್ಮವರಿಂದಲೇ ತಿಳಿಯಲಿ.

1964: ಮುಂಬಯಿಯಲ್ಲಿ ಪೋಪ್ ಆರನೇ ಪೌಲರು

ಭಾರತಕ್ಕೆ ಭೇಟಿ ನೀಡಿದ ಪ್ರಥಮ ಪೋಪರು ಆರನೇ ಪೌಲರು. 38ನೇ ಅಂತಾರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕಾಗಿ ಡಿಸೆಂಬರ್ 2ರಂದು ಬಂದಿಳಿದ ಅವರು 3ರಂದು ಇತರ ಧರ್ಮಗಳ ಪ್ರತಿನಿಧಿಗಳನ್ನು ಭೇಟಿಯಾಗಿ ಮಾತನಾಡಿದರು. ಆ ಭಾಷಣದಲ್ಲಿ ಉಪನಿಷತ್ತಿನ ಪ್ರಾರ್ಥನೆಯೊಂದನ್ನು ಗೌರವದಿಂದ ನೆನೆದರು. ಇತರ ಧರ್ಮಗಳ ಕುರಿತ ವ್ಯಾಟಿಕನ್ ಮಹಾಸಭೆಯ ಘೋಷಣೆ ಹೊರಬಂದದ್ದು ಮರುವರ್ಷದ ಅಕ್ಟೋಬರಿನಲ್ಲಿ ಎಂಬುದನ್ನು ಗಮನಿಸಿದರೆ ಆ ಭಾಷಣದ ತೂಕ ತಿಳಿಯುತ್ತದೆ. ಹಿಂತಿರುಗುವಾಗ ತಮಗೆ ಬಳಸಲು ಕೊಟ್ಟಿದ್ದ ಕಾರನ್ನು ಮದರ್ ತೆರೇಸಾರಿಗೆ ಬಿಟ್ಟುಹೋದರು. ಅವರು ಅದನ್ನು ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಬಳಸಿದರು.

1984: ಭೋಪಾಲ

ಡಿಸೆಂಬರ್ 2ರ ಮಧ್ಯರಾತ್ರಿ ಕಳೆದು 3ನೇ ತಾರೀಕು ಆಗುತ್ತಿದ್ದಂತೆ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ವಿಷಾನಿಲವಾಗಿ ಹೊರಬಂತು. ಅನಿಲ ಗಾಳಿಗಿಂತ ಭಾರ. ಹಾಗಾಗಿ ಅದು ನೆಲಕ್ಕೆ ಅಂಟಿಕೊಂಡೇ ಗುಡಿಸಲುಗಳ ಒಳಗೆ ಹರಿಯಿತು. ಮಕ್ಕಳು ಮೊದಲು ಬಲಿಯಾದರು. ಓಡಿದವರು ಏದುಸಿರಿನಲ್ಲಿ ಇನ್ನಷ್ಟು ವಿಷ ಕುಡಿದರು. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದು ಗಾಳಿಗೆ ಅಡ್ಡವಾಗಿ ನಡೆಯಿರಿ ಎಂಬ ಸರಳ ಸೂಚನೆಯನ್ನು ಆ ಜನರಿಗೆ ಯಾರೂ ಮೊದಲೇ ಕೊಟ್ಟಿರಲಿಲ್ಲ. ಆಸ್ಪತ್ರೆಯ ವೈದ್ಯರಿಗೂ ಅನಿಲ ಯಾವುದೆಂದು ಗೊತ್ತಿರಲಿಲ್ಲ.

ಆ ರಾತ್ರಿ ರೈಲು ನಿಲ್ದಾಣದಲ್ಲಿ ಕರ್ತವ್ಯದಲ್ಲಿದ್ದ ಉಪ ಸ್ಟೇಷನ್ ಅಧೀಕ್ಷಕ ಗುಲಾಂ ದಸ್ತಗೀರ್ ಅವರು ಪ್ರಯಾಣಿಕರಿಂದ ತುಂಬಿದ್ದ ಗೋರಖ್‌ಪುರ ರೈಲನ್ನು ಸಮಯಕ್ಕೆ ಮೊದಲೇ ಹೊರಡಿಸಿ, ಭೋಪಾಲಕ್ಕೆ ಬರುವ ಗಾಡಿಗಳನ್ನು ತಡೆಯಲು ಸಂದೇಶ ಕಳುಹಿಸಿದರು. ವಿಷಗಾಳಿ ಕುಡಿದ ಅವರು ಉಳಿದ ಜೀವನವೆಲ್ಲ ಕಾಯಿಲೆಯಲ್ಲಿ ಕಳೆದು 2003ರಲ್ಲಿ ನಿಧನರಾದರು.

ಸರಕಾರ ಮೊದಲು ಹೇಳಿದ ಸಾವಿನ ಲೆಕ್ಕ 2,259. ಮಧ್ಯಪ್ರದೇಶ ಸರಕಾರ ಬಳಿಕ ದೃಢಪಡಿಸಿದ್ದು 3,787. ವರ್ಷಾಂತರದಲ್ಲಿ ಸತ್ತವರನ್ನು ಸೇರಿಸಿದರೆ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಅನಿಲದ ಸೋಂಕು ತಗುಲಿದವರು 5 ಲಕ್ಷಕ್ಕೂ ಅಧಿಕ. 1989ರ ರಾಜಿಯಲ್ಲಿ ಕಂಪೆನಿ ಕೊಟ್ಟದ್ದು 47 ಕೋಟಿ ಡಾಲರ್. ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ ಪ್ರಕಟವಾದದ್ದು 2010ರ ಜೂನ್ 7ರಂದು, ಅಂದರೆ ಇಪ್ಪತ್ತೈದು ವರ್ಷಗಳ ನಂತರ. ಹೆಚ್ಚಿನ ಪರಿಹಾರ ಕೋರಿದ್ದ ಕೇಂದ್ರದ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ತಳ್ಳಿಹಾಕಿತು. ಕಾರ್ಖಾನೆಯಲ್ಲೇ ಬಿದ್ದಿದ್ದ 337 ಟನ್ ವಿಷ ತ್ಯಾಜ್ಯ ಭೋಪಾಲದಿಂದ ಹೊರಟದ್ದು 2025ರ ಜನವರಿಯಲ್ಲಿ.

ಕಾರ್ಖಾನೆ, ಬಂದರು, ಅನಿಲ ಟ್ಯಾಂಕರುಗಳ ನೆರೆಯಲ್ಲೇ ಬದುಕುವ ನಮ್ಮ ಕರಾವಳಿಗೆ ಇದು ದೂರದ ಕಥೆಯಲ್ಲ. ಭೋಪಾಲದ ಬಳಿಕ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯ್ದೆಯ ಪ್ರಕಾರ, ಅಪಾಯಕಾರಿ ವಸ್ತುಗಳನ್ನು ಬಳಸುವ ಕಾರ್ಖಾನೆಯು ಅದರ ಅಪಾಯ ಮತ್ತು ಮುನ್ನೆಚ್ಚರಿಕೆಯ ಮಾಹಿತಿಯನ್ನು ಕಾರ್ಮಿಕರಿಗೆ ಮಾತ್ರವಲ್ಲದೆ ಸುತ್ತಲಿನ ಜನರಿಗೂ ತಿಳಿಸಬೇಕು. ಧರ್ಮಕೇಂದ್ರದ ವಾರ್ಡು ಸಭೆಗಳಲ್ಲಿ ಈ ಮಾಹಿತಿಯನ್ನು ಕೇಳಿ ಪಡೆದು ಹಂಚಿದರೆ ಅದಕ್ಕಿಂತ ದೊಡ್ಡ ಸ್ಮರಣೆ ಬೇಕಿಲ್ಲ.

1967: ಪ್ರಥಮ ಹೃದಯ ಕಸಿ

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮತ್ತು ತಂಡದವರು ಲೂಯಿಸ್ ವಾಶ್‌ಕಾನ್ಸ್ಕಿ ಎಂಬ ದಿನಸಿ ವ್ಯಾಪಾರಿಗೆ ಹೃದಯ ಕಸಿ ಮಾಡಿದರು. ಹಿಂದಿನ ದಿನ ರಸ್ತೆ ಅಪಘಾತಕ್ಕೀಡಾದ 25 ವರ್ಷದ ಡೆನಿಸ್ ಡಾರ್ವಲ್ ಎಂಬ ಯುವತಿಯದು ಆ ಹೃದಯ. ಅದೇ ಅಪಘಾತದಲ್ಲಿ ಹೆಂಡತಿಯನ್ನೂ ಕಳೆದುಕೊಂಡಿದ್ದ ಆಕೆಯ ತಂದೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟರು. ಈ ಚರಿತ್ರೆಯಲ್ಲಿ ಎಲ್ಲರೂ ಶಸ್ತ್ರವೈದ್ಯರ ಹೆಸರು ಹೇಳುತ್ತಾರೆ, ಆ ತಂದೆಯನ್ನು ನೆನೆಯುವವರು ವಿರಳ. ರೋಗಿ ಬದುಕಿದ್ದು 18 ದಿನ ಮಾತ್ರ. ಸಾವಿಗೆ ಕಾರಣ ನ್ಯುಮೋನಿಯಾ. ಭಾರತದ ಪ್ರಥಮ ಯಶಸ್ವಿ ಹೃದಯ ಕಸಿಯನ್ನು ಡಾ. ಪಿ. ವೇಣುಗೋಪಾಲ್ ಅವರು 1994ರ ಆಗಸ್ಟ್ 3ರಂದು ದೆಹಲಿಯಲ್ಲಿ ನಡೆಸಿದರು.

ಅಂಗದಾನಕ್ಕೆ ಧರ್ಮಸಭೆಯ ಒಪ್ಪಿಗೆ ಇದೆಯೇ ಎಂದು ಇಂದಿಗೂ ಕೇಳುವವರಿದ್ದಾರೆ. ಇದೆ. ಪೋಪ್ ಎರಡನೇ ಜಾನ್ ಪೌಲರು 1995ರ ತಮ್ಮ ವಿಶ್ವಪತ್ರದಲ್ಲೂ 2000ದ ಆಗಸ್ಟಿನಲ್ಲಿ ಅಂಗಕಸಿ ತಜ್ಞರಿಗೆ ನೀಡಿದ ಭಾಷಣದಲ್ಲೂ ಅದನ್ನು ಪ್ರೀತಿಯ ಕಾರ್ಯವೆಂದು ಹೊಗಳಿದ್ದಾರೆ. ಮುಕ್ತ ಒಪ್ಪಿಗೆ ಇರಬೇಕು, ಅಂಗಗಳ ಮಾರಾಟ ಸಲ್ಲದು, ಸಾವು ಖಚಿತವಾಗಿರಬೇಕು ಎಂಬುದಷ್ಟೇ ಷರತ್ತು. ನಮ್ಮ ರಾಜ್ಯದಲ್ಲಿ ಇದರ ನೋಂದಣಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಕಾರ್ಡಿಗೆ ಸಹಿ ಹಾಕಿದರೆ ಸಾಲದು, ಮನೆಯವರಿಗೂ ತಿಳಿಸಿರಬೇಕು. ಕೊನೆಯ ಒಪ್ಪಿಗೆ ಕೊಡಬೇಕಾದವರು ಅವರೇ.

ವಿಕಲಚೇತನರ ದಿನ

ವಿಶ್ವಸಂಸ್ಥೆ 1992ರಿಂದ ಈ ದಿನವನ್ನು ಅಂತಾರಾಷ್ಟ್ರೀಯ ವಿಕಲಚೇತನರ ದಿನವಾಗಿ ಆಚರಿಸುತ್ತಿದೆ. ನಮ್ಮ ದೇಶದ 2016ರ ಕಾಯ್ದೆಯು ಹಿಂದೆ 7 ಇದ್ದ ಅಂಗವೈಕಲ್ಯದ ವಿಧಗಳನ್ನು 21ಕ್ಕೆ ಏರಿಸಿ, ಸರಕಾರಿ ಉದ್ಯೋಗದಲ್ಲಿ ಶೇಕಡಾ 4, ಉನ್ನತ ಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿ ಒದಗಿಸಿದೆ. ಚಂದದ ಇಗರ್ಜಿಗಳನ್ನು ಕಟ್ಟುತ್ತೇವೆ, ಮುಂಬಾಗಿಲಿಗೆ ಹತ್ತು ಮೆಟ್ಟಿಲು ಇಡುತ್ತೇವೆ, ಗಾಲಿಕುರ್ಚಿ ಏರುವ ಇಳಿಜಾರನ್ನು ಮಾತ್ರ ಮರೆಯುತ್ತೇವೆ!

ಈ ದಿನ ಹುಟ್ಟಿದವರು, ಅಗಲಿದವರು

1884ರಲ್ಲಿ ಬಿಹಾರದ ಜೀರಾದೇಯಿಯಲ್ಲಿ ಡಾ. ರಾಜೇಂದ್ರ ಪ್ರಸಾದ್ ಜನಿಸಿದರು. ವಕೀಲರಾಗಿದ್ದ ಅವರ ನೆನಪಿಗೆ ಈ ದಿನ ವಕೀಲರ ದಿನ. ಅವರು ಅಧ್ಯಕ್ಷರಾಗಿದ್ದ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಜೆಸ್ವಿತ್ ಗುರು ವಂ. ಜೆರೋಮ್ ಡಿಸೋಜ ಅವರು ಸದಸ್ಯರಾಗಿದ್ದು, ಧಾರ್ಮಿಕ ಸ್ವಾತಂತ್ರ್ಯದ ಪರವಾಗಿ ಮಾತನಾಡಿದರು. ಆ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದ ತಂಡದ ನಾಯಕ ನಂದಲಾಲ್ ಬೋಸ್ ಹುಟ್ಟಿದ್ದೂ ಡಿಸೆಂಬರ್ 3ರಂದೇ, 1882ರಲ್ಲಿ. ಹದಿನೆಂಟರ ಹರೆಯದಲ್ಲೇ ಗಲ್ಲಿಗೇರಿದ ಖುದಿರಾಮ್ ಬೋಸ್ (1889), ಕ್ರಿಕೆಟ್ ಆಟಗಾರ್ತಿ ಮಿಥಾಲಿ ರಾಜ್ (1982) ಇವರ ಜನ್ಮದಿನವೂ ಇಂದೇ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ನಡೆಸಿ ಯುದ್ಧ ಶುರುವಾಯಿತು. ಪೂರ್ವ ಗಡಿಯ ಗಂಗಾಸಾಗರದ ಕಾಳಗದಲ್ಲಿ ಪ್ರಾಣಕೊಟ್ಟ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಇಂದಿನ ಝಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಆದಿವಾಸಿ ಕ್ರೈಸ್ತ ಕುಟುಂಬದವರು. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು. ಮೂರು ಒಲಿಂಪಿಕ್ ಚಿನ್ನ ಗೆದ್ದ ಹಾಕಿ ಮಾಂತ್ರಿಕ ಧ್ಯಾನ್‌ಚಂದ್ 1979ರಲ್ಲಿ, ನಟ ದೇವ್ ಆನಂದ್ 2011ರಲ್ಲಿ ಇದೇ ದಿನ ತೀರಿಕೊಂಡರು.

ಇನ್ನೊಂದು ಸ್ವಾರಸ್ಯ: ಮೊಬೈಲಿಗೆ ಪ್ರಥಮ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ. ಅದರಲ್ಲಿದ್ದದ್ದು ಕ್ರಿಸ್ಮಸ್ ಶುಭಾಶಯ.

ಕೊನೆಯದಾಗಿ ಪೂಜಾವಿಧಿ ಸಮಿತಿಯವರಿಗೆ ಒಂದು ಸೂಚನೆ. 2023ರಲ್ಲಿ ಡಿಸೆಂಬರ್ 3 ಆಗಮನ ಕಾಲದ ಮೊದಲ ಭಾನುವಾರವಾಗಿತ್ತು, 2028ರಲ್ಲೂ ಹಾಗೆಯೇ ಬರುತ್ತದೆ. ಅಂತಹ ವರ್ಷಗಳಲ್ಲಿ ಭಾನುವಾರದ ಪೂಜಾವಿಧಿಗೇ ಆದ್ಯತೆ ಇರುವುದರಿಂದ, ಸಂತರ ಹೆಸರಿನ ಇಗರ್ಜಿಗಳವರು ಹಬ್ಬದ ದಿನ ಗೊತ್ತುಪಡಿಸುವ ಮೊದಲು ಧರ್ಮಪ್ರಾಂತ್ಯದ ಪೂಜಾ ಪಂಚಾಂಗ ನೋಡಿಕೊಳ್ಳಬೇಕಾಗಿ ಕೋರುತ್ತೇವೆ.