ಗಿಡುಗ ಎಣಿಸಿದವರ ನೋಟ್‌ಬುಕ್ ಹೇಳಿದ ಸತ್ಯ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮನೆ ಹಿತ್ತಲಲ್ಲೋ ತಾರಸಿ ಮೇಲೋ ನಿಂತು ತಲೆ ಎತ್ತಿದರೆ ಒಂದಾದರೂ ಹದ್ದು ಕಾಣುತ್ತೆ. ಬಹುತೇಕ ಅದು ಇಲ್ಲೇ ಗೂಡು ಕಟ್ಟಿ ಮರಿ ಮಾಡುವ ನಮ್ಮೂರಿನದೇ ಹದ್ದು. ಆದರೆ ಚಳಿಗಾಲದಲ್ಲಿ ಅದೇ ಆಕಾಶದಲ್ಲಿ ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಬೇಟೆ ಹಕ್ಕಿಗಳೂ ಇರುತ್ತವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿಗೆ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್‌ಗಳು ಬರುತ್ತವೆ. ನಾವು ನೋಡ್ತೀವಿ, ಫೋಟೋ ತೆಗೀತೀವಿ, ಸ್ಟೇಟಸ್ ಹಾಕ್ತೀವಿ, ಅಲ್ಲಿಗೆ ಮುಗೀತು.

ಆದರೆ ಹೀಗೆ ನೋಡಿದ್ದನ್ನು ಯಾರಾದರೂ ದಿನಾ ಬರೆದಿಟ್ಟರೆ ಏನಾಗುತ್ತೆ? ಇವತ್ತಿನ ಕಥೆ ಅದರದ್ದೇ. ಇದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಕಿಟಾಟಿನಿ ಎಂಬ ಬೆಟ್ಟಸಾಲಿನಲ್ಲಿ.

ಮೊದಲು ಆ ಬೆಟ್ಟಸಾಲೇ ಯಾಕೆ ಅಂತ ಹೇಳಿಬಿಡ್ತೀನಿ. ದೊಡ್ಡ ರೆಕ್ಕೆಯ ಹಕ್ಕಿಗಳಿಗೆ ರೆಕ್ಕೆ ಬಡಿದು ದೂರ ಹೋಗೋದು ದುಬಾರಿ ಕೆಲಸ. ಹಾಗಾಗಿ ಅವು ಗಾಳಿಯ ಮೇಲೇ ಸವಾರಿ ಮಾಡುತ್ತವೆ. ಬಿಸಿಲಿಗೆ ನೆಲ ಕಾದಾಗ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತೆ, ಅದರಲ್ಲಿ ಸುತ್ತು ಹಾಕುತ್ತಾ ಮೇಲಕ್ಕೇರಿ, ಅಲ್ಲಿಂದ ಮುಂದಕ್ಕೆ ಜಾರುತ್ತವೆ. ಬೆಟ್ಟಸಾಲಿಗೆ ಗಾಳಿ ಅಪ್ಪಳಿಸಿದರೂ ಹೀಗೇ ಮೇಲಕ್ಕೆ ತಿರುಗುತ್ತೆ. ಉತ್ತರದಿಂದ ದಕ್ಷಿಣಕ್ಕೆ ಹೊರಟ ಗಿಡುಗಗಳಿಗೆ ಕಿಟಾಟಿನಿ ಒಂದು ಹೆದ್ದಾರಿ ಇದ್ದ ಹಾಗೆ. ಸೆಪ್ಟೆಂಬರ್ ಮಧ್ಯದಲ್ಲಿ, ದಕ್ಷಿಣ ಅಮೆರಿಕಕ್ಕೆ ಹೊರಟ ಬ್ರಾಡ್-ವಿಂಗ್ಡ್ ಹಾಕ್‌ಗಳು ಒಂದೇ ದಿನದಲ್ಲಿ ಸಾವಿರಗಟ್ಟಲೆ ಹಾದು ಹೋಗೋದುಂಟು.

ಹೆದ್ದಾರಿ ಯಾವುದು ಅಂತ ಬಂದೂಕಿನವರಿಗೂ ಗೊತ್ತಿತ್ತು. ಆಗಿನ ಕಾಲದಲ್ಲಿ ಗಿಡುಗ ಅಂದರೆ ಕೋಳಿ ಕದಿಯುವ ಕಳ್ಳ, ಬೇಟೆಗಾರರ ಪಾಲಿನ ಹಕ್ಕಿಗಳನ್ನು ತಿಂದುಬಿಡುವ ಶತ್ರು. 1929ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರವೇ ಒಂದು ಗಾಸ್‌ಹಾಕ್ ಕೊಂದು ತಂದರೆ 5 ಡಾಲರ್ ಬಹುಮಾನ ಅಂತ ಸಾರಿತು. ಅದು ಆರ್ಥಿಕ ಕುಸಿತ ಶುರುವಾದ ಕಾಲ, 5 ಡಾಲರ್ ಸಣ್ಣ ಮೊತ್ತ ಅಲ್ಲ. ಹಾರುತ್ತಿರುವ ಹಕ್ಕಿ ಗಾಸ್‌ಹಾಕೋ ಬೇರೆಯದೋ ಅಂತ ನೋಡುವ ತಾಳ್ಮೆ ಯಾರಿಗಿತ್ತು? ಶರತ್ಕಾಲದ ವಾರಾಂತ್ಯಗಳಲ್ಲಿ ಜನ ಬೆಟ್ಟಕ್ಕೆ ಬಂದು ಕಂಡದ್ದಕ್ಕೆಲ್ಲ ಗುಂಡು ಹೊಡೀತಿದ್ದರು. ಅನೇಕರಿಗೆ ಅದು ಬರೀ ಮೋಜು.

1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಅಲ್ಲಿಗೆ ಹೋಗಿ, ಕಾಡಿನಲ್ಲಿ ಬಿದ್ದಿದ್ದ ಸತ್ತ ಗಿಡುಗಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದ. ಆ ಫೋಟೋಗಳು ನ್ಯೂಯಾರ್ಕಿನ ರೊಸಾಲಿ ಎಡ್ಜ್ ಎಂಬ ಮಹಿಳೆಯ ಕಣ್ಣಿಗೆ ಬಿದ್ದವು. ಆಕೆ ಹುಟ್ಟಿದ್ದು 1877ರಲ್ಲಿ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ್ದವರು. ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡದ್ದು ನಡುವಯಸ್ಸಿನಲ್ಲಿ. ಹಕ್ಕಿಗಳನ್ನು ಕಾಪಾಡಬೇಕಾದ ದೊಡ್ಡ ಸಂಘಟನೆಗಳೇ ಸುಮ್ಮನೆ ಕೂತಿವೆ ಅಂತ ಅವರ ಜೊತೆ ನೇರಾನೇರ ಜಗಳಕ್ಕಿಳಿದಿದ್ದರು.

ಆಕೆ ಮಾಡಿದ್ದು ಬಹಳ ಸರಳ. ಕಾನೂನು ಬದಲಾಗಲಿ ಅಂತ ಕಾಯಲಿಲ್ಲ. 1934ರಲ್ಲಿ ಬೆಟ್ಟದ ಸುಮಾರು 1,400 ಎಕರೆಯನ್ನೇ 500 ಡಾಲರಿಗೆ ಲೀಸ್‌ಗೆ ತೆಗೆದುಕೊಂಡರು, ಆಮೇಲೆ ಕೊಂಡೇಬಿಟ್ಟರು. ಕಾವಲಿಗೆ ಮಾರಿಸ್ ಬ್ರೌನ್, ಇರ್ಮಾ ಬ್ರೌನ್ ಎಂಬ ಯುವ ದಂಪತಿಯನ್ನು ಕರೆಸಿದರು. ಬಂದೂಕು ಹಿಡಿದು ಬಂದವರನ್ನು ದಾರಿಯಲ್ಲಿ ತಡೆದು ವಾಪಸ್ ಕಳಿಸುವ ಕೆಲಸದಲ್ಲಿ ಇರ್ಮಾ ನಿಂತರು. ಮಾರಿಸ್ ಬೆಟ್ಟದ ತುದಿಯ ಬಂಡೆಗಳ ಮೇಲೆ ಕೂತು ಎಣಿಸಲು ಶುರು ಮಾಡಿದರು. ಇದೇ ಇವತ್ತಿನ ಹಾಕ್ ಮೌಂಟನ್ ಅಭಯಾರಣ್ಯ. ಬೇಟೆ ಹಕ್ಕಿಗಳಿಗಾಗಿಯೇ ಮಾಡಿದ, ಜಗತ್ತಿನ ಮೊದಲ ಅಭಯಾರಣ್ಯ ಅದು.

ಈಗ ಆ ಎಣಿಕೆಯ ವಿಷಯಕ್ಕೆ ಬರೋಣ. ಯಾವ ಜಾತಿ, ಎಷ್ಟು, ಯಾವ ದಿನ. ಅಷ್ಟೇ. ಮರುದಿನ ಮತ್ತೆ ಅದೇ ಜಾಗ, ಅದೇ ಕೆಲಸ. ಎರಡನೇ ಮಹಾಯುದ್ಧದಲ್ಲಿ ಬ್ರೌನ್ ನೌಕಾಪಡೆಗೆ ಹೋದಾಗ, 1943ರಿಂದ 45ರವರೆಗೆ, ಎಣಿಕೆ ನಿಂತಿತ್ತು. ಅದು ಬಿಟ್ಟರೆ ಇವತ್ತಿಗೂ ನಡೀತಾ ಇದೆ. ಬಾಲ್ಡ್ ಈಗಲ್ ವಿಷಯದಲ್ಲಿ ಬ್ರೌನ್ ಇನ್ನೊಂದು ವಿವರ ಸೇರಿಸಿ ಬರೆದಿದ್ದರು: ದೊಡ್ಡದೋ, ಮರಿಯೋ ಅಂತ. ಇದು ಗುರುತಿಸೋಕೆ ಕಷ್ಟ ಅಲ್ಲ. ದೊಡ್ಡವಕ್ಕೆ ತಲೆ, ಬಾಲ ಬೆಳ್ಳಗೆ. ಎಳೆಯ ಹಕ್ಕಿ ಮೈಯೆಲ್ಲ ಕಂದು. ತಲೆ ಪೂರ್ತಿ ಬೆಳ್ಳಗಾಗೋಕೆ ಸುಮಾರು 5 ವರ್ಷ ಬೇಕು. ಈ ಚಿಕ್ಕ ವಿವರ ನೆನಪಿಟ್ಟುಕೊಳ್ಳಿ.

ಯುದ್ಧ ಮುಗಿದ ಮೇಲೆ ಡಿಡಿಟಿ ಬಂತು. ಸೈನಿಕರನ್ನು ಟೈಫಸ್, ಮಲೇರಿಯಾದಿಂದ ಉಳಿಸಿದ ಪುಡಿ. ಅದನ್ನು ಹೊಲ, ಕಾಡು, ಊರು ಅಂತ ನೋಡದೆ ವಿಮಾನದಿಂದ ಸಿಂಪಡಿಸಲು ಶುರು ಮಾಡಿದರು. 1957ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಡಕ್ಸ್‌ಬರಿಯಲ್ಲಿ ಸೊಳ್ಳೆ ಕೊಲ್ಲಲು ವಿಮಾನ ಹಾರಿತು. ಅಲ್ಲಿ ಓಲ್ಗಾ ಹಕಿನ್ಸ್ ಎಂಬಾಕೆ ತಮ್ಮ ಮನೆಯ ಹಿಂದಿನ ಜಾಗವನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದರು. ಸಿಂಪಡಿಸಿದ ಬೆನ್ನಲ್ಲೇ ಆ ಹಿತ್ತಲಲ್ಲಿ ಹಕ್ಕಿಗಳು ಸತ್ತು ಬಿದ್ದವು. ಆಕೆ 1958ರ ಜನವರಿಯಲ್ಲಿ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದು, ತಮ್ಮ ಸ್ನೇಹಿತೆ, ಲೇಖಕಿ ರೇಚಲ್ ಕಾರ್ಸನ್‌ಗೂ ಕಳಿಸಿದರು. ಮುಂದೆ 1962ರಲ್ಲಿ ಬಂದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕಕ್ಕೆ ತಳ್ಳು ಸಿಕ್ಕಿದ್ದು ಆ ಪತ್ರದಿಂದ.

ಆದರೆ ಒಂದು ತೊಡಕಿತ್ತು. ಹಿತ್ತಲಲ್ಲಿ ಹಕ್ಕಿ ಸತ್ತರೆ ಕಣ್ಣಿಗೆ ಕಾಣುತ್ತೆ. ಹುಟ್ಟಲೇ ಇಲ್ಲದ ಹಕ್ಕಿ ಹೇಗೆ ಕಾಣುತ್ತೆ? ಬಾಲ್ಡ್ ಈಗಲ್ ದಶಕಗಟ್ಟಲೆ ಬದುಕುವ ಹಕ್ಕಿ. ಮರಿಯಾಗುವುದೇ ನಿಂತುಹೋದರೂ ದೊಡ್ಡವು ವರ್ಷಗಟ್ಟಲೆ ಆಕಾಶದಲ್ಲಿ ಹಾರುತ್ತಲೇ ಇರುತ್ತವೆ. ನೋಡಿದವರು 'ಅಯ್ಯೋ, ಹದ್ದುಗಳು ಇವೆಯಲ್ಲ' ಅಂತ ಸಮಾಧಾನ ಪಟ್ಟುಕೊಳ್ಳಬಹುದು.

ಕಾರ್ಸನ್ ಇಲ್ಲಿ ತೆರೆದದ್ದು ಬ್ರೌನ್ ಅವರ ಲೆಕ್ಕವನ್ನು. 1935ರಿಂದ 39ರವರೆಗೆ ಹಾಕ್ ಮೌಂಟನ್ ಮೇಲೆ ಹಾದುಹೋದ ಬಾಲ್ಡ್ ಈಗಲ್‌ಗಳಲ್ಲಿ ಶೇಕಡಾ 40ರಷ್ಟು ಎಳೆಯವು. 1955ರಿಂದ 59ರ ಹೊತ್ತಿಗೆ ಅದು ಶೇಕಡಾ 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಮರಿ. ಅದೇ ಪುಸ್ತಕದಲ್ಲಿ ಚಾರ್ಲ್ಸ್ ಬ್ರೋಲಿ ಎಂಬ ನಿವೃತ್ತ ಬ್ಯಾಂಕರ್ ಕೂಡ ಬರ್ತಾರೆ. 60ರ ವಯಸ್ಸಿನಲ್ಲಿ ಫ್ಲಾರಿಡಾದ ಮರ ಹತ್ತಿ, ಹತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹದ್ದಿನ ಮರಿಗಳ ಕಾಲಿಗೆ ಉಂಗುರ ಹಾಕಿದ ಮನುಷ್ಯ. 1947ರಿಂದ ಈಚೆಗೆ ಗೂಡುಗಳು ಖಾಲಿಯಾಗುತ್ತಿರುವುದನ್ನು ಅವರೂ ಬರೆದಿಟ್ಟಿದ್ದರು. ಬೆಟ್ಟದಲ್ಲಿ ಕೂತವರಿಗೂ ಮರ ಹತ್ತಿದವರಿಗೂ ಕಂಡದ್ದು ಒಂದೇ.

ಬ್ರಿಟನ್ನಿನ ಕಥೆ ಇನ್ನೂ ಮಜವಾಗಿದೆ. ಅಲ್ಲಿ ಪಂದ್ಯದ ಪಾರಿವಾಳ ಸಾಕುವವರು 'ಪೆರೆಗ್ರಿನ್ ಫಾಲ್ಕನ್‌ಗಳು ಜಾಸ್ತಿಯಾಗಿ ನಮ್ಮ ಪಾರಿವಾಳ ತಿನ್ನುತ್ತಿವೆ' ಅಂತ ದೂರು ಕೊಟ್ಟರು. 1961-62ರಲ್ಲಿ ದೇಶದಾದ್ಯಂತ ಎಣಿಸಿ ನೋಡಿದರೆ ಆಗಿದ್ದು ಉಲ್ಟಾ, ಅವು ವೇಗವಾಗಿ ಕಮ್ಮಿಯಾಗುತ್ತಿದ್ದವು. ಆ ಸರ್ವೆ ನಡೆಸಿದ ಡೆರೆಕ್ ರ‍್ಯಾಟ್‌ಕ್ಲಿಫ್ ಮುಂದೆ ಹಳೇ ಮೊಟ್ಟೆ ಸಂಗ್ರಹಗಳನ್ನು ತೆಗೆಸಿ ತೂಗಿ, ಅಳೆದು ನೋಡಿದರು. 1940ರ ದಶಕದ ಕೊನೆಯಿಂದ ಈಚಿನ ಮೊಟ್ಟೆಗಳ ಚಿಪ್ಪು ತೆಳುವಾಗಿತ್ತು. ಈ ಫಲಿತಾಂಶ ಪ್ರಕಟವಾದದ್ದು 1967ರಲ್ಲಿ. ಡಿಡಿಟಿ ಕೀಟದಿಂದ ಚಿಕ್ಕ ಹಕ್ಕಿಗೆ, ನೀರಿನಿಂದ ಮೀನಿಗೆ, ಅಲ್ಲಿಂದ ಬೇಟೆ ಹಕ್ಕಿಗೆ ಸೇರುತ್ತಾ ಮೇಲೆ ಹೋದಷ್ಟೂ ಗಟ್ಟಿಯಾಗುತ್ತೆ. ಮೈಯೊಳಗೆ ಅದು ಬದಲಾಗಿ ಆಗುವ ಡಿಡಿಇ ಎಂಬ ವಸ್ತು ಚಿಪ್ಪಿಗೆ ಸುಣ್ಣದಂಶ ಸೇರುವುದನ್ನು ತಡೆಯುತ್ತೆ. ಕಾವು ಕೊಡಲು ತಾಯಿ ಕೂತರೆ ಮೊಟ್ಟೆ ಒಡೆದೇ ಹೋಗುತ್ತೆ.

1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಅಲ್ಲಿನ ಅಪಾಯದಂಚಿನ ಪಟ್ಟಿಯಿಂದ ಪೆರೆಗ್ರಿನ್ 1999ರಲ್ಲಿ, ಬಾಲ್ಡ್ ಈಗಲ್ 2007ರಲ್ಲಿ ಹೊರಬಂದವು. ಭಾರತದಲ್ಲಿ ಕೃಷಿಗೆ ಡಿಡಿಟಿ ನಿಷೇಧವಾಗಿದ್ದು 1989ರಲ್ಲಿ. ಇದೆಲ್ಲ ಒಂದು ನೋಟ್‌ಬುಕ್ಕಿನಿಂದಲೇ ಆಯ್ತು ಅಂದರೆ ಸುಳ್ಳಾಗುತ್ತೆ. ಲ್ಯಾಬಿನ ಪರೀಕ್ಷೆ, ಕೋರ್ಟಿನ ವಾದ, ಬೀದಿಯ ಒತ್ತಾಯ ಎಲ್ಲ ಸೇರಿತ್ತು. ಆದರೆ ಡಿಡಿಟಿಗೆ ಮೊದಲು ಹೇಗಿತ್ತು ಅನ್ನೋ ಲೆಕ್ಕ ಬೇಕಿತ್ತಲ್ಲ, ಅದನ್ನು ಆಮೇಲೆ ಯಾವ ಲ್ಯಾಬೂ ತಯಾರು ಮಾಡೋಕೆ ಆಗ್ತಿರಲಿಲ್ಲ. ಡಿಡಿಟಿಯ ಸುದ್ದಿಯೇ ಇಲ್ಲದ 1935ರಲ್ಲಿ ಒಬ್ಬರು ಎಣಿಸಿದ್ದಕ್ಕೇ ಅದು ಸಿಕ್ಕಿತು.

ನಮ್ಮ ದೇಶದಲ್ಲೂ ಹಾಕ್ ಮೌಂಟನ್ ನೆನಪಿಸುವ ಘಟನೆ ಆಗಿದೆ. ಅಮುರ್ ಫಾಲ್ಕನ್ ಅಂತ ಸುಮಾರು 150 ಗ್ರಾಂ ತೂಕದ ಹಕ್ಕಿ. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಹೊರಟು ಭಾರತ ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾರಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತೆ. 2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಇವನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿದು ಮಾರುತ್ತಿದ್ದ ದೃಶ್ಯಗಳನ್ನು ಪತ್ರಕರ್ತೆ ಬಾನೋ ಹರಾಲು ಮತ್ತು ಜೊತೆಗಾರರು ಹೊರಗೆ ತಂದರು. ಮರುವರ್ಷವೇ ಪಾಂಗ್ಟಿಯಂಥ ಹಳ್ಳಿಗಳ ಜನ ಬೇಟೆ ನಿಲ್ಲಿಸಿದರು. ಪೆನ್ಸಿಲ್ವೇನಿಯಾದ ಬಂದೂಕಿನವರ ಹಾಗೆ ಇವರದ್ದು ಮೋಜಲ್ಲ, ಸಂಪಾದನೆ. ಅದನ್ನು ಬಿಟ್ಟುಕೊಟ್ಟರು ಅನ್ನೋದನ್ನು ಮರೀಬಾರದು. 2013ರ ನವೆಂಬರ್‌ನಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಅಂತಲೇ ಹೆಸರಿಟ್ಟರು.

ಈಗ ನಿಮ್ಮ ತಾರಸಿಗೆ ಬನ್ನಿ. ಬೆಟ್ಟ ಬೇಕಿಲ್ಲ. ಆಕಾಶ ಸ್ವಲ್ಪ ಅಗಲವಾಗಿ ಕಾಣುವ ಜಾಗ ಸಾಕು. ಬಿಸಿಲು ಏರಿ ನೆಲ ಕಾದ ಮೇಲೆ, ಬೆಳಗ್ಗೆ 9ರಿಂದ 11 ಒಳ್ಳೇ ಹೊತ್ತು. ಮೊದಲು ನಮ್ಮ ಮಾಮೂಲಿ ಹದ್ದನ್ನು ಚೆನ್ನಾಗಿ ಕಲೀರಿ: ಬಾಲದ ತುದಿ ಕವಲಾಗಿರುತ್ತೆ, ಹಾರುವಾಗ ಬಾಲ ತಿರುಚುತ್ತಾ ಇರುತ್ತೆ. ಅದು ಕಣ್ಣಿಗೆ ಕೂತರೆ ಹೊಸದು ಬಂದ ತಕ್ಷಣ ತಿಳಿಯುತ್ತೆ. ರೆಕ್ಕೆ 'ವಿ' ಆಕಾರದಲ್ಲಿ ಎತ್ತಿಕೊಂಡು ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತಿದ್ದರೆ ಹ್ಯಾರಿಯರ್ ಇರಬಹುದು. ಹೆಸರು ಗೊತ್ತಾಗದಿದ್ದರೆ 'ಗುರುತಿಸಲಾಗದ ಬೇಟೆ ಹಕ್ಕಿ, 1' ಅಂತಲೇ ಬರೀರಿ. ದಿನಾಂಕ, ಸಮಯ, ಎಷ್ಟು ಹೊತ್ತು ನಿಂತಿದ್ದಿರಿ ಅನ್ನೋದನ್ನು ಬಿಡಬೇಡಿ. ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಬೇರೆಯವರ ಲೆಕ್ಕದ ಜೊತೆ ನಿಮ್ಮದೂ ಸೇರುತ್ತೆ. ಏನೂ ಕಾಣದ ದಿನವನ್ನೂ ಬರೆದಿಡಿ, ಹಕ್ಕಿ ಬರೋದು ನಿಂತಿತು ಅಂತ ಮುಂದೊಂದು ದಿನ ಹೇಳಬೇಕಾದರೆ ಆ ಸೊನ್ನೆಗಳೂ ಬೇಕಾಗುತ್ತವೆ.

ಸೆಪ್ಟೆಂಬರ್ ಕೊನೆಯಿಂದ ಶುರು ಮಾಡಿ. ವಾರಕ್ಕೊಂದು ಸಲ, ಅದೇ ಜಾಗದಿಂದ, ಅರ್ಧ ಗಂಟೆ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.