ಜಗತ್ತಿನ ಅತಿ ಬಿಸಿಯಾದ ಊರು ಲಿಬಿಯಾದ ಅಲ್ ಅಜೀಜಿಯಾ ಎಂಬುದು ನಿಜವೇ?

ಬೇಸಿಗೆ ಶುರುವಾದರೆ ಸಾಕು, ‘ಭೂಮಿಯ ಮೇಲೆ ದಾಖಲಾದ ಅತಿ ಹೆಚ್ಚು ಉಷ್ಣಾಂಶ 58 ಡಿಗ್ರಿ ಸೆಲ್ಸಿಯಸ್, ಲಿಬಿಯಾದ ಅಲ್ ಅಜೀಜಿಯಾದಲ್ಲಿ’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ನೋಟ್ಸ್‌ಗಳಲ್ಲೂ ಇದೇ ಉತ್ತರವಿದೆ. ಇದು ಯಾರೋ ಹುಟ್ಟುಹಾಕಿದ ಸುಳ್ಳಲ್ಲ, 90 ವರ್ಷ ಇದೇ ದಾಖಲೆಯಾಗಿತ್ತು. ಆದರೆ ವಿಶ್ವ ಹವಾಮಾನ ಸಂಸ್ಥೆ 2012ರಲ್ಲಿ ಇದನ್ನು ರದ್ದುಪಡಿಸಿದೆ.

ಇದು ಎಂಥ ಊರು?

ಮರಳುಗಾಡಿನ ನಡುವೆ ಇರುವ ಊರು ಎಂದುಕೊಂಡರೆ ತಪ್ಪು. ರಾಜಧಾನಿ ಟ್ರಿಪೋಲಿಯಿಂದ ನೈರುತ್ಯಕ್ಕೆ ಸುಮಾರು 40 ಕಿ.ಮೀ. ದೂರದ ಜೆಫಾರಾ ಬಯಲಿನಲ್ಲಿರುವ ಕೃಷಿ ಪಟ್ಟಣವಿದು. ಈ ಬಯಲಿನಲ್ಲಿ ಆಲಿವ್, ಕಿತ್ತಳೆ, ಬಾರ್ಲಿ ಬೆಳೆಯುತ್ತಾರೆ. ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ.

ಹಾಗೆಂದು ಅಲ್ಲಿ ಬಿಸಿಲು ಕಡಿಮೆಯೇನಲ್ಲ. ಸಹಾರಾ ಕಡೆಯಿಂದ ‘ಗಿಬ್ಲಿ’ ಎಂಬ ಧೂಳು ತುಂಬಿದ ಗಾಳಿ ಬೀಸುತ್ತದೆ. ದಕ್ಷಿಣದ ನಫೂಸಾ ಬೆಟ್ಟಗಳಿಂದ ಬಯಲಿಗೆ ಇಳಿಯುವಾಗ ಒತ್ತಡ ಹೆಚ್ಚಿ ಅದು ಇನ್ನಷ್ಟು ಬಿಸಿಯಾಗುತ್ತದೆ. ಅಂಥ ದಿನಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. 58 ಎಂಬ ಅಂಕಿಯನ್ನು ಜನ ನಂಬಿದ್ದಕ್ಕೆ ಈ ಗಾಳಿಯೂ ಕಾರಣವಿರಬಹುದು ಎಂದು ನಮಗನಿಸುತ್ತದೆ.

1922ರ ಸೆಪ್ಟೆಂಬರ್ 13ರಂದು ಆಗಿದ್ದೇನು?

1911ರಲ್ಲಿ ಇಟಲಿ ಒಟ್ಟೋಮನ್ ಸಾಮ್ರಾಜ್ಯದ ಮೇಲೆ ಯುದ್ಧ ಹೂಡಿ ಈ ಪ್ರದೇಶವನ್ನು ಕಿತ್ತುಕೊಂಡಿತ್ತು. ಅಲ್ ಅಜೀಜಿಯಾದ ಹವಾಮಾನ ಕೇಂದ್ರವಿದ್ದದ್ದು ಇಟಲಿಯ ಸೇನಾ ನೆಲೆಯಲ್ಲಿ. ಬಳಸಿದ್ದು ಸಿಕ್ಸ್-ಬೆಲ್ಲಾನಿ ಎಂಬ ಹಳೆಯ ಕಾಲದ ಥರ್ಮಾಮೀಟರ್. ಅದರೊಳಗೆ ಪಾದರಸ ಒಂದು ಪುಟ್ಟ ಕಡ್ಡಿಯನ್ನು ತಳ್ಳಿಕೊಂಡು ಹೋಗುತ್ತದೆ. ಪಾದರಸ ಇಳಿದರೂ ಕಡ್ಡಿ ಅಲ್ಲೇ ನಿಲ್ಲುತ್ತದೆ. ಅಳತೆ ಓದಬೇಕಾದದ್ದು ಕಡ್ಡಿಯ ಕೆಳತುದಿಯಲ್ಲಿ. ಮೇಲ್ತುದಿಯಲ್ಲಿ ಓದಿದರೆ ಸುಮಾರು 7 ಡಿಗ್ರಿ ಹೆಚ್ಚು ಸಿಗುತ್ತದೆ!

ಆಗ ಅಳತೆ ಬರೆದುಕೊಳ್ಳುತ್ತಿದ್ದವರು ಹೊಸಬರು ಎಂದು ಮೂಲ ದಾಖಲೆ ಪುಟದ ಕೈಬರಹ ಸೂಚಿಸುತ್ತದೆ. ಗರಿಷ್ಠ ಅಂಕಿಯನ್ನು ಕನಿಷ್ಠದ ಕಾಲಂನಲ್ಲಿ ಬರೆದದ್ದೂ ಅದರಲ್ಲಿದೆ. ಆ ಪುಟವನ್ನು ಹುಡುಕಿ ಕೊಟ್ಟವರು ಲಿಬಿಯಾದ ಹವಾಮಾನ ಅಧಿಕಾರಿ ಖಾಲಿದ್ ಎಲ್ ಫದ್ಲಿ. ತನಿಖೆಯ ನಡುವೆಯೇ 2011ರ ದಂಗೆ ಶುರುವಾಗಿ, ಅವರೊಂದಿಗಿನ ಸಂಪರ್ಕ ತಿಂಗಳುಗಟ್ಟಲೆ ಕಡಿದುಹೋಗಿತ್ತು.

ಕೇಂದ್ರದ ಕೆಳಗಿನ ನೆಲ ಡಾಂಬರಿನಂತಿದ್ದು, ಸುತ್ತಲಿನ ಮಣ್ಣಿಗಿಂತ ಬೇಗ ಕಾಯುತ್ತಿತ್ತು. ಅಕ್ಕಪಕ್ಕದ ಊರುಗಳ ಅಂದಿನ ಅಳತೆಗೂ ಅದೇ ಊರಿನ ನಂತರದ ವರ್ಷಗಳ ಅಳತೆಗೂ 58 ಹೊಂದಲಿಲ್ಲ. ಕೊನೆಗೆ ದಾಖಲೆಗೆ ಸರಿಯಾಗಿ 90 ವರ್ಷ ತುಂಬಿದ ದಿನ, 2012ರ ಸೆಪ್ಟೆಂಬರ್ 13ರಂದು, ಅದು ರದ್ದಾಯಿತು.

ಈಗ ದಾಖಲೆ ಯಾರದ್ದು?

ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯದ್ದು: 1913ರ ಜುಲೈ 10ರಂದು 56.7 ಡಿಗ್ರಿ. ಈ ಅಂಕಿಯ ಬಗ್ಗೆಯೂ ಕೆಲವು ತಜ್ಞರಿಗೆ ಅನುಮಾನವಿದೆ, ಆದರೆ ಅದನ್ನು ಅಧಿಕೃತವಾಗಿ ತೆಗೆದುಹಾಕಿಲ್ಲ. ಪರೀಕ್ಷೆಗೆ ಓದುತ್ತಿದ್ದರೆ ಇದನ್ನೇ ಬರೆದುಕೊಳ್ಳಿ.

‘ಇರಾನಿನಲ್ಲಿ 70 ಡಿಗ್ರಿ’ ಎಂಬ ಇನ್ನೊಂದು ಫಾರ್ವರ್ಡ್ ಕೂಡ ನಿಮಗೆ ಬಂದಿರಬಹುದು. ಅದು ಲೂತ್ ಮರುಭೂಮಿಯ ನೆಲ ಎಷ್ಟು ಕಾದಿತ್ತು ಎಂದು 2005ರಲ್ಲಿ ಉಪಗ್ರಹ ಅಳೆದ ಲೆಕ್ಕ. ಹವಾಮಾನ ದಾಖಲೆಗೆ ಪರಿಗಣಿಸುವುದು ನೆರಳಿನಲ್ಲಿ, ನೆಲದಿಂದ ಒಂದೂವರೆ ಮೀಟರಿನಷ್ಟು ಮೇಲೆ ಅಳೆದ ಗಾಳಿಯ ಉಷ್ಣಾಂಶವನ್ನು.