ವಾದ್ಯವನ್ನೂ ಹೊತ್ತು ತಂದ ಕಡತ

ಪುಸ್ತಕದಲ್ಲಿ ಅಚ್ಚಾದ ಸ್ವರಲಿಪಿ ತಾನಾಗಿ ಹಾಡುವುದಿಲ್ಲ. ವೀಣೆಯಲ್ಲಿ ನುಡಿಸಿದರೆ ಅದು ಒಂದು ಬಗೆ, ಹಾರ್ಮೋನಿಯಂನಲ್ಲಿ ನುಡಿಸಿದರೆ ಇನ್ನೊಂದು ಬಗೆ. ಹಳೆಯ ಕಂಪ್ಯೂಟರ್ ಆಟಗಳ ಸಂಗೀತಕ್ಕೂ ಇದೇ ತೊಡಕು ಎದುರಾಗಿತ್ತು.

1985ರಲ್ಲಿ ಅಮೆರಿಕದ ಕಮೋಡೋರ್ ಕಂಪನಿ ‘ಅಮಿಗಾ’ ಕಂಪ್ಯೂಟರನ್ನು ಹೊರತಂದಿತು. ಅದರ ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 880 ಕಿಲೋಬೈಟ್ ಮಾತ್ರ. ಸಿ.ಡಿ. ಗುಣಮಟ್ಟದ ಸಂಗೀತವನ್ನು ತುಂಬಹೊರಟರೆ ಸುಮಾರು 5 ಸೆಕೆಂಡಿಗೇ ಫ್ಲಾಪಿ ಭರ್ತಿ! ಆಟ, ಚಿತ್ರ, ಸಂಗೀತ ಎಲ್ಲಕ್ಕೂ ಅಷ್ಟರಲ್ಲೇ ಜಾಗ ಹೊಂದಿಸಬೇಕಿತ್ತು.

ಇದಕ್ಕೊಂದು ಉಪಾಯ 1987ರಲ್ಲಿ ದೊರೆಯಿತು. ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ತಂತ್ರಾಂಶ ರಚಿಸಿದರು. ಅದರಿಂದ ಬೆಳೆದುಬಂದದ್ದೇ ‘ಮಾಡ್’ ಎಂಬ ಕಡತದ ಮಾದರಿ. ಡ್ರಮ್ಮಿನ ಒಂದು ಪೆಟ್ಟು, ಗಿಟಾರಿನ ಒಂದು ಮೀಟು, ಹೀಗೆ ವಾದ್ಯಗಳ ಚಿಕ್ಕ ತುಣುಕುಗಳನ್ನು ಅದರಲ್ಲಿ ಮುದ್ರಿಸಿಡುತ್ತಿದ್ದರು. ಯಾವ ತುಣುಕನ್ನು ಯಾವಾಗ, ಯಾವ ಸ್ಥಾಯಿಯಲ್ಲಿ ನುಡಿಸಬೇಕೆಂಬ ಪಟ್ಟಿಯೂ ಜತೆಗಿರುತ್ತಿತ್ತು. ಪ್ರತಿ ಪಟ್ಟಿಗೆ 64 ಸಾಲು, 4 ಅಂಕಣ. ಏಕೆಂದರೆ ಅಮಿಗಾದ ‘ಪೌಲಾ’ ಚಿಪ್‌ಗೆ ಇದ್ದುದು ನಾಲ್ಕೇ ಧ್ವನಿಮಾರ್ಗ. ಒಂದೇ ಪಟ್ಟಿಯನ್ನು ಬೇಕಾದಷ್ಟು ಬಾರಿ ಬಳಸಬಹುದಾದ್ದರಿಂದ ಹಲವು ನಿಮಿಷಗಳ ಸಂಗೀತವೂ ಫ್ಲಾಪಿಯ ಒಂದು ಮೂಲೆಯಲ್ಲಿ ಹಿಡಿಸುತ್ತಿತ್ತು.

ಪಿ.ಸಿ.ಗಳಲ್ಲಿ ಬಹುಪಾಲು ಆಟಗಳ ಹಾದಿ ಬೇರೆ. ವಿದ್ಯುನ್ಮಾನ ವಾದ್ಯಗಳು ಪರಸ್ಪರ ‘ಮಾತನಾಡಲು’ 1983ರಲ್ಲಿ ಬಂದ ‘ಮಿಡಿ’ ಪದ್ಧತಿಯೇ ಅಲ್ಲಿ ಆಧಾರ. ಅದರಲ್ಲಿರುವುದು ಬರಿಯ ಸ್ವರಲಿಪಿ; ನಾದ ಕೊಡಬೇಕಾದುದು ಕಂಪ್ಯೂಟರಿನ ಸೌಂಡ್ ಕಾರ್ಡು. 1993ರ ‘ಡೂಮ್’ ಆಟಕ್ಕೆ ಬಾಬಿ ಪ್ರಿನ್ಸ್ ಸಂಯೋಜಿಸಿದ ಸಂಗೀತವೂ ಮಿಡಿಯನ್ನು ಹೋಲುವ ‘ಮಸ್’ ಮಾದರಿಯಲ್ಲಿತ್ತು. ಆಡ್‌ಲಿಬ್ ಬಗೆಯ ಕಾರ್ಡು ಇದ್ದವರಿಗೆ ಕೃತಕ ಝೇಂಕಾರ. ದುಬಾರಿ ರೋಲಾಂಡ್ ಯಂತ್ರವಿದ್ದವರಿಗೆ ಗಿಟಾರು, ಡ್ರಮ್ಮುಗಳ ಮೇಳ. ಹಾಗಾದರೆ ನಿಜವಾದ ಸಂಗೀತ ಯಾವುದು?

ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಸಿ.ಡಿ.ಗಳು ಬಂದು ಜಾಗದ ಬಡತನ ನೀಗಿದ ಮೇಲೆ ಈ ಮಾದರಿಗಳು ಹಿಂದೆ ಸರಿದವು. ಹಳೆಯ ಕಾರ್ಡುಗಳು ಕೆಟ್ಟು ಮೂಲೆ ಸೇರುತ್ತಿವೆ. ಆಟದ ಕಡತ ಉಳಿದರೂ ಅಂದು ಮನೆಯಲ್ಲಿ ಕೇಳಿದ ನಾದ ಅದರೊಳಗಿಲ್ಲ. ಆದ್ದರಿಂದಲೇ ಆಸಕ್ತರು ಹಳೆಯ ಚಿಪ್‌ಗಳನ್ನು ಅನುಕರಿಸುವ ತಂತ್ರಾಂಶಗಳನ್ನು ಶ್ರಮವಹಿಸಿ ಬರೆದಿದ್ದಾರೆ. ಮಾಡ್ ಕಡತಕ್ಕೆ ಈ ಕಷ್ಟ ಕಡಿಮೆ. ನುಡಿಸುವ ತಂತ್ರಾಂಶಕ್ಕೆ ತಕ್ಕಂತೆ ತುಸು ವ್ಯತ್ಯಾಸವಾದೀತು. ಆದರೆ ಡ್ರಮ್ಮು, ಗಿಟಾರು ಅವೇ.

ಬಡತನದಲ್ಲಿ ಹುಟ್ಟಿದ ಮಿತವ್ಯಯದ ಉಪಾಯವೇ ಕೊನೆಗೆ ಸಂರಕ್ಷಣೆಯ ಉಪಾಯವೂ ಆಯಿತು. ಸ್ವರವನ್ನಷ್ಟೇ ಬರೆದಿಟ್ಟರೆ ಸಾಲದು, ನಾದವನ್ನೂ ಕಾಪಿಡಬೇಕು ಎಂಬ ಪಾಠ ಆಟಗಳಿಗಷ್ಟೇ ಅಲ್ಲ, ಎಲ್ಲ ಸಂಗೀತಕ್ಕೂ ಸಲ್ಲುತ್ತದೆ.